ಸ್ಪೀಕರ್ ಪೆಟ್ಟಿಗೆಗೆ ಟೈಲ್: ಅಸಲಿ ಕೆಲಸ ಅಂಟಿನದು

ಸ್ಪೀಕರಿನ ಕೋನ್ (ಸದ್ದು ಹೊಮ್ಮಿಸಲು ಹಿಂದೆಮುಂದೆ ಅಲುಗುವ ಶಂಕುವಿನಾಕಾರದ ಪೊರೆ) ಮುಂದಿನ ಗಾಳಿಯನ್ನು ಎಷ್ಟು ಅಲುಗಿಸುತ್ತದೋ ಪೆಟ್ಟಿಗೆಯೊಳಗಿನ ಗಾಳಿಯನ್ನೂ ಅಷ್ಟೇ ಅಲುಗಿಸುತ್ತದೆ. ಆ ಒತ್ತಡಕ್ಕೆ ಗೋಡೆಗಳು ಕಂಪಿಸುತ್ತವೆ. ಗೋಡೆಗಳ ವಿಸ್ತಾರ ಕೋನ್‌ಗಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಅವು ಕೂದಲೆಳೆಯಷ್ಟು ಅಲುಗಿದರೂ ಕಿವಿಗೆ ತಿಳಿಯುತ್ತದೆ. ಕೆಲವು ಸ್ವರಗಳು ನಿಲ್ಲಬೇಕಾದಲ್ಲಿ ನಿಲ್ಲದೆ ಎಳೆಯುತ್ತವೆ, ಗಂಡುದನಿ ಗವಿಯೊಳಗಿಂದ ಬಂದಂತಿರುತ್ತದೆ. ಪೆಟ್ಟಿಗೆ ತಾನೇ ಹಾಡಬಾರದು. ಅದಕ್ಕೇ ಗೋಡೆಗಳಿಗೆ ಟೈಲ್ ಅಂಟಿಸುವ ಈ ಎಲ್ಲ ಪಾಡು.

ಮನೆಯಲ್ಲೇ ಪೆಟ್ಟಿಗೆ ಮಾಡುವವರು ಸಾಮಾನ್ಯವಾಗಿ 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆ ಬಳಸುತ್ತಾರೆ. ಅದರ ಒಂದು ಚದರ ಮೀಟರ್ ಸುಮಾರು 13 ಕಿಲೋ ತೂಗುತ್ತದೆ. 8 ಮಿ.ಮೀ. ದಪ್ಪದ ಪೋರ್ಸಲೇನ್ ಟೈಲ್ ಸುಮಾರು 18 ಕಿಲೋ. ಅಂದರೆ ಟೈಲ್ ಅಂಟಿಸಿದೊಡನೆ ಗೋಡೆಯ ತೂಕ ಎರಡು ಪಟ್ಟಿಗೂ ಮೀರುತ್ತದೆ. ತೂಕ ಇಮ್ಮಡಿಯಾದರೆ ಗೋಡೆ ದಾಟುವ ಸದ್ದು ತಾತ್ವಿಕವಾಗಿ 6 ಡೆಸಿಬೆಲ್ ಇಳಿಯುತ್ತದೆ. ಬಿಗುವೂ ಹೆಚ್ಚುತ್ತದೆ: ಆ ತೆಳು ಟೈಲನ್ನು ಬಾಗಿಸುವುದು ದಪ್ಪ ಎಂಡಿಎಫ್ ಬಾಗಿಸುವುದಕ್ಕಿಂತ ಸುಲಭವೇನಲ್ಲ.

ಇಷ್ಟಕ್ಕೇ ಗೆದ್ದೆವು ಅನ್ನುವಂತಿಲ್ಲ. ಟೈಲನ್ನು ಎರಡು ಬೆರಳಲ್ಲಿ ಮೂಲೆ ಹಿಡಿದು ತೂಗಾಡಿಸಿ, ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. 'ಟಣ್' ಎಂದು ಅನುರಣಿಸುತ್ತದೆ. ಕಂಪನವನ್ನು ನುಂಗುವ ಗುಣ ಸೆರಾಮಿಕ್‌ಗೆ ಬಹಳ ಕಡಿಮೆ. ಅದನ್ನು ಗಟ್ಟಿಯಾಗಿ ಒಣಗುವ ಎಪಾಕ್ಸಿ ಅಂಟಿನಿಂದ ಕೂರಿಸಿದರೆ ಗೋಡೆಯ ಅನುರಣನೆ ಬೇರೊಂದು ಸ್ವರಕ್ಕೆ ಸರಿಯುತ್ತದೆ, ಸಾಯುವುದಿಲ್ಲ.

ಅದನ್ನು ಕೊಲ್ಲುವುದು ಮೆತ್ತನೆಯ ಅಂಟು. ಒಣಗಿದ ಮೇಲೂ ರಬ್ಬರಿನಂತೆ ಉಳಿಯುವ ಪಾಲಿಯುರೆಥೇನ್ ಅಂಟು ಹಚ್ಚಿದರೆ, ಹಲಗೆ ಬಾಗಿದಾಗಲೆಲ್ಲ ಟೈಲ್ ಅದರ ಜೊತೆ ಸಲೀಸಾಗಿ ಬಾಗಲೊಲ್ಲದು. ಇವೆರಡರ ಜಗ್ಗಾಟದಲ್ಲಿ ನಡುವಿನ ಪದರ ಅತ್ತಿತ್ತ ಎಳೆದಾಡಿ, ಕಂಪನದ ಶಕ್ತಿ ಶಾಖವಾಗಿ ಹೋಗುತ್ತದೆ. ವಿಮಾನದ ಮೈಹಲಗೆಗಳ ಸದ್ದಡಗಿಸುವುದೂ ಇದೇ ತಂತ್ರದಿಂದ. ಕಂಪನ ನುಂಗುವ ಪದರದ ಬೆಲೆ 1970ರ ದಶಕದ ಬಿಬಿಸಿ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್‌ಎಸ್3/5ಎ ಸ್ಪೀಕರಿಗೆ ಅವರು ಆರಿಸಿದ್ದು ತೆಳು ಬರ್ಚ್ ಪ್ಲೈವುಡ್, ಒಳಗೆ ಬಿಟುಮಿನ್ (ಡಾಂಬರಿನಂಥ ವಸ್ತು) ಹಾಳೆ. ಬರೀ ತೂಕ ಹೇರುವುದಕ್ಕಿಂತ ಇದೇ ಜಾಣ ದಾರಿ ಎಂದು ನನಗನಿಸುತ್ತದೆ.

ಮೆತ್ತನೆಯ ಅಂಟಿನಿಂದ ಇನ್ನೊಂದು ಲಾಭವಿದೆ. ಹವೆಯ ತೇವಕ್ಕೆ ಎಂಡಿಎಫ್ ಹಿಗ್ಗಿ ಕುಗ್ಗುತ್ತದೆ, ಟೈಲ್ ಹಾಗೆ ಮಾಡುವುದಿಲ್ಲ. ಬಿಗಿಯಾದ ಅಂಟಾದರೆ ಬಿರುಕು ಬಿಡಬಹುದು ಇಲ್ಲವೇ ಟೈಲ್ ಕಳಚಬಹುದು. ನೀರು ಕಲಸುವ ಸಿಮೆಂಟ್ ಅಂಟಂತೂ ಬೇಡವೇ ಬೇಡ, ಎಂಡಿಎಫ್ ಆ ನೀರನ್ನೇ ಹೀರಿ ಉಬ್ಬುತ್ತದೆ. ಅಂಟನ್ನು ನಾಲ್ಕು ಮೂಲೆಗೆ ಉಂಡೆಯಾಗಿ ಇಡದೆ ಹಲ್ಲುಕರಣೆಯಿಂದ ಪೂರ್ತಿ ಹರಡಿ. ಟೊಳ್ಳು ಉಳಿದ ಕಡೆ ಟೈಲ್ ಗಿರ್ರೆನ್ನುತ್ತದೆ. ಪಕ್ಕಕ್ಕೊಂದೇ ದೊಡ್ಡ ಟೈಲ್ ಒಳ್ಳೆಯದು. ಚೂರು ಚೂರು ಮೊಸಾಯಿಕ್ ತೂಕ ಕೊಡುತ್ತದೆ, ಬಿಗುವನ್ನಷ್ಟು ಕೊಡದು.

ಮುಂಭಾಗವನ್ನು ಹಾಗೇ ಮರದ್ದಾಗಿ ಬಿಡಬಹುದು. ಅಲ್ಲೂ ಟೈಲ್ ಬೇಕೆಂದರೆ ವಜ್ರದಂಚಿನ ಗರಗಸದಿಂದ, ನೀರು ಹನಿಸುತ್ತಾ, ಡ್ರೈವರಿನ (ಕೋನ್ ಇರುವ ಬಿಡಿಭಾಗದ) ಚೌಕಟ್ಟಿಗಿಂತ ತುಸು ದೊಡ್ಡ ತೂತು ಕೊರೆಯಿರಿ. ಸ್ಕ್ರೂ ಕೂರಬೇಕಾದ್ದು ಮರದ ಮೇಲೆ.

ಪೆಟ್ಟಿಗೆಯೊಳಗೆ ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಅಲೆಗಳಿಗೆ ಮಾತ್ರ ಟೈಲಿನಲ್ಲಿ ಮದ್ದಿಲ್ಲ. 30 ಸೆಂ.ಮೀ. ಅಂತರವಿದ್ದರೆ ಅಂಥ ಅಲೆ ಸುಮಾರು 570 ಹರ್ಟ್ಸ್‌ನಲ್ಲಿ ಏಳುತ್ತದೆ. ಅದಕ್ಕೆ ಒಳಗೆ ಉಣ್ಣೆಯನ್ನೋ ಪಾಲಿಯೆಸ್ಟರ್ ಹತ್ತಿಯನ್ನೋ ಸಡಿಲವಾಗಿ ತುಂಬಬೇಕು.