ಒಂದೇ ಸಬ್ಸಿಡಿ, ಎರಡು ಕೊರತೆ

ಸರ್ಕಾರ ಸಾಲ ಎತ್ತುವುದು ರೂಪಾಯಿಯಲ್ಲಿ, ಅದಕ್ಕೂ ಡಾಲರ್ ದರಕ್ಕೂ ಏನು ಸಂಬಂಧ? ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತವರನ್ನು ಆಮದುದಾರರು ಕೇಳುತ್ತಲೇ ಇರುತ್ತಾರೆ. ಪಠ್ಯಪುಸ್ತಕದ ಉತ್ತರ ಚಿಕ್ಕದು: ಸರ್ಕಾರ ಆದಾಯ ಮೀರಿ ಖರ್ಚು ಮಾಡಿದರೆ (ಅದು ವಿತ್ತೀಯ ಕೊರತೆ) ದೇಶದ ಉಳಿತಾಯ ಕರಗುತ್ತದೆ; ಆ ಉಳಿತಾಯ ಹೂಡಿಕೆಗೆ ಸಾಲದಿದ್ದರೆ ಉಳಿದದ್ದು ಹೊರಗಿನಿಂದ ಬರಬೇಕು, ಅದೇ ಚಾಲ್ತಿ ಖಾತೆ ಕೊರತೆ, ಅಂದರೆ ಆಮದು ಮತ್ತಿತರ ಬಾಬ್ತಿಗೆ ಹೊರಗೆ ಹೋಗುವ ಹಣ ರಫ್ತು ಮುಂತಾದವುಗಳಿಂದ ಒಳಬರುವುದಕ್ಕಿಂತ ಹೆಚ್ಚಾಗುವುದು. ಆದರೆ ಹಣ ಯಾವ ದಾರಿಯಲ್ಲಿ ಹೊರಗೆ ಹೋಯಿತು ಎಂಬುದು ಇದರಲ್ಲಿ ಕಾಣುವುದಿಲ್ಲ.

2012-13ನ್ನೇ ನೋಡಿ. ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8, ಅಂದರೆ ಸುಮಾರು 8,800 ಕೋಟಿ ಡಾಲರ್. ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದರೂ ಬಂಕ್‌ನಲ್ಲಿ ಡೀಸೆಲ್ ಅಗ್ಗ. ಜನ ಡೀಸೆಲ್ ಕಾರು ಕೊಂಡರು, ಅಪಾರ್ಟ್‌ಮೆಂಟ್‌ಗಳ ಜನರೇಟರ್ ಓಡಿತು. ಬೆಲೆ ಏರದ ಮೇಲೆ ಬಳಕೆ ಯಾಕೆ ಇಳಿದೀತು? ಡೀಸೆಲ್, ಗ್ಯಾಸ್, ಸೀಮೆಎಣ್ಣೆಯಲ್ಲಿ ತೈಲ ಕಂಪನಿಗಳಿಗಾದ ನಷ್ಟ ಆ ವರ್ಷ ಒಂದೂವರೆ ಲಕ್ಷ ಕೋಟಿ ರೂಪಾಯಿ ಮೀರಿತು. ದೊಡ್ಡ ಪಾಲನ್ನು ಸರ್ಕಾರ ತುಂಬಿಕೊಟ್ಟಿತು. ಬಜೆಟ್ಟಿಗೂ ಹೊಡೆತ, ಆಮದು ಬಿಲ್ಲಿಗೂ ಹೊಡೆತ.

ಇನ್ನೊಂದು ದಾರಿ ಚಿನ್ನದ ಅಂಗಡಿಯದು. ಹಣದುಬ್ಬರ ಶೇ 10ರ ಹತ್ತಿರ, ಠೇವಣಿ ಬಡ್ಡಿ ಅದಕ್ಕಿಂತ ಕಡಿಮೆ. ಎಫ್‌ಡಿ ಮುರಿದು ಚಿನ್ನ ಕೊಂಡವರನ್ನು ದೂರಿ ಫಲವಿಲ್ಲ. ಸತತ ಎರಡು ವರ್ಷ ಚಿನ್ನದ ಆಮದು 5,000 ಕೋಟಿ ಡಾಲರ್ ಮೀರಿತು. ಆ ಹಣದುಬ್ಬರಕ್ಕೆ ಬಜೆಟ್ ಕೊರತೆ ಒಂದೇ ಕಾರಣವಲ್ಲ, ಆದರೆ ಅದಕ್ಕೆ ಇಂಬು ಕೊಟ್ಟದ್ದಂತೂ ಹೌದು. (ಬಳ್ಳಾರಿ ಗಣಿಗಳು ಮುಚ್ಚಿ ಅದಿರು ರಫ್ತು ಕುಸಿದದ್ದೂ ಕೊರತೆ ಹಿಗ್ಗಿಸಿತು; ಅದನ್ನು ಬಜೆಟ್ಟಿನ ತಲೆಗೆ ಕಟ್ಟುವಂತಿಲ್ಲ.)

2013ರ ಮೇನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಾಂಡ್ ಖರೀದಿ ತಗ್ಗಿಸುವ ಮಾತಾಡಿದ್ದೇ ತಡ, ಹೊರಗಿನ ಹಣ ಕಾಲ್ತೆಗೆಯಿತು. ಆಗಸ್ಟ್ 28ಕ್ಕೆ ಡಾಲರ್ 68 ರೂಪಾಯಿ ದಾಟಿತ್ತು. ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ 10ಕ್ಕೆ ಏರಿಸಿತು. ಚಾಲ್ತಿ ಖಾತೆ ಕೊರತೆ ಇಳಿಯಿತು, ಚಿನ್ನದ ಕಳ್ಳಸಾಗಣೆ ಏರಿತು.

ಹಾಗೆಂದು ಎರಡು ಕೊರತೆಗಳೂ ಯಾವತ್ತೂ ಜೋಡಿಯಾಗಿಯೇ ನಡೆಯುತ್ತವೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೋವಿಡ್ ಕಾಲದ 2020-21ರಲ್ಲಿ ವಿತ್ತೀಯ ಕೊರತೆ ಜಿಡಿಪಿಯ ಶೇ 9 ದಾಟಿದರೂ ಚಾಲ್ತಿ ಖಾತೆಯಲ್ಲಿ ಶೇ 0.9ರಷ್ಟು ಹೆಚ್ಚುವರಿಯಿತ್ತು. ಮನೆಯಲ್ಲಿ ಕೂತ ಜನ ಖರ್ಚು ಮಾಡಲಿಲ್ಲ, ಕಂಪನಿಗಳು ಹೂಡಿಕೆ ನಿಲ್ಲಿಸಿದವು, ತೈಲ ಅಗ್ಗವಾಗಿತ್ತು. ಸರ್ಕಾರದ ಸಾಲಕ್ಕೆ ಒಳಗಿನ ಉಳಿತಾಯವೇ ಸಾಕಾಯಿತು.

ಹಾಗಾಗಿ ಬಜೆಟ್ ದಿನ ನಾನು ಶೇಕಡಾವಾರು ಕೊರತೆಗಿಂತ ಮೊದಲು ಸಬ್ಸಿಡಿ ಪಟ್ಟಿ ತೆರೆಯುತ್ತೇನೆ. ಡೀಸೆಲ್ ದರ 2014ರಲ್ಲೇ ಸರ್ಕಾರದ ನಿಯಂತ್ರಣದಿಂದ ಮುಕ್ತವಾಯಿತು. ರಸಗೊಬ್ಬರ ಇನ್ನೂ ಇದೆ: 45 ಕೆಜಿ ಯೂರಿಯಾ ಚೀಲಕ್ಕೆ ತೆರಿಗೆ ಬಿಟ್ಟು 242 ರೂಪಾಯಿ, ಅದನ್ನು ತಯಾರಿಸುವ ಅನಿಲದ ಬಹುಪಾಲು ಆಮದು.