ಕಪಾಟಿನಲ್ಲಿ ಇಲ್ಲದ ಪುಸ್ತಕ

ಹೋದ ವರ್ಷ ಎಂ.ಎ. ಇತಿಹಾಸದ ಹುಡುಗಿಯೊಬ್ಬಳು ಚೀಟಿ ಹಿಡಿದು ನಮ್ಮ ಬಾಗಲಕೋಟೆಯ ಕಾಲೇಜು ಗ್ರಂಥಾಲಯಕ್ಕೆ ಬಂದಳು. ಐಹೊಳೆ ಶಾಸನದ ಮೇಲೆ ಐದು ಪುಸ್ತಕ. ಲೇಖಕರು, ಪ್ರಕಾಶಕರು, ಇಸವಿ, ಪುಟಸಂಖ್ಯೆ ಎಲ್ಲ ಇತ್ತು. ಕಪಾಟು ತಡಕಿದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿರುವ ಪುಸ್ತಕಗಳ ಪಟ್ಟಿ ಒಂದೇ ಕಡೆ ಸಿಗುವ ಇಂಡ್‌ಕ್ಯಾಟ್‌ನಲ್ಲೂ ನೋಡಿದೆ. ಎರಡು ಸಿಕ್ಕವು. ಉಳಿದ ಮೂರರ ಸುಳಿವೇ ಇಲ್ಲ.

"ಯಾರು ಬರೆದುಕೊಟ್ರವ್ವಾ ಇದನ್ನ?"

"ಚಾಟ್‌ಬಾಟ್ ರೀ ಸರ."

ಅವಳಿಗೆ ಬೈದು ಏನು ಮಾಡೋದು? ಸರ್ಚ್ ಎಂಜಿನ್ ಎಲ್ಲೋ ಇರುವ ಪುಟವನ್ನು ತೋರಿಸುತ್ತದೆ. ಅದರಲ್ಲಿ ಬರೆದಿದ್ದು ತಪ್ಪಿರಬಹುದು, ಪುಟವಂತೂ ಇರುತ್ತದೆ. ಚಾಟ್‌ಬಾಟ್ ಮುಂದೆ ಯಾವ ಪದ ಬರಬಹುದು ಅಂತ ಅಂದಾಜು ಹಾಕುತ್ತಾ ವಾಕ್ಯ ಹೆಣೆಯುತ್ತದೆ. ಪುಸ್ತಕದ ಹೆಸರನ್ನೂ ಹಾಗೇ ಹೆಣೆದುಬಿಡುತ್ತದೆ. ಈಗ ಕೆಲವು ಬಾಟ್‌ಗಳು ಲಿಂಕೂ ಕೊಡುತ್ತವೆ. ಅದನ್ನು ಒತ್ತಿ ನೋಡುವ ಹುಡುಗರು ಎಷ್ಟು ಜನ, ನೀವೇ ಹೇಳಿ.

ಹಾಗಂತ ಗೂಗಲ್ ಒಂದೇ ಸಾಕು ಅನ್ನುವವರ ಜೊತೆಗೂ ನಾನಿಲ್ಲ. ಸರ್ಚಿಗೆ ಸರಿಯಾದ ಪದ ಗೊತ್ತಿರಬೇಕು. 'ಐಹೊಳೆ ಶಾಸನ' ಅಂತ ಹೊಡೆದಿದ್ದಕ್ಕೆ ಅವಳಿಗೆ ಬಂದಿದ್ದು ಬರೀ ಪ್ರವಾಸದ ಪುಟಗಳು, ಪರೀಕ್ಷೆಯ ನೋಟ್ಸು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಟ್‌ಗೇ ಕೇಳಿಸಿದೆ: "ಪುಸ್ತಕದ ಹೆಸರು ಬೇಡ. ಶಾಸನಗಳ ಮೂಲಪಾಠ ಎಂಥ ಸಂಪುಟಗಳಲ್ಲಿ ಅಚ್ಚಾಗುತ್ತದೆ? ಏನಂತ ಹುಡುಕಲಿ?" ಬಂದ ಪದಗಳಲ್ಲಿ 'ಎಪಿಗ್ರಾಫಿಯಾ ಇಂಡಿಕಾ' ಇತ್ತು. ಅದನ್ನು ಸರ್ಚಿಗೆ ಹಾಕಿದೆವು. 6ನೇ ಸಂಪುಟದ ಸ್ಕ್ಯಾನ್ ಸಿಕ್ಕಿತು. ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಐಹೊಳೆ ಶಾಸನದ ಪಾಠ, ಇಂಗ್ಲಿಷ್ ಅನುವಾದದ ಜೊತೆ.

ಅಲ್ಲಿಂದ ಮುಂದೆ ಬಾಟ್ ಒಳ್ಳೆಯ ಜೊತೆಗಾರನಾಯಿತು. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಈ ಶಾಸನ ಬರೆದ ಕವಿ ರವಿಕೀರ್ತಿ ಕಾಲ ಹೇಳಿದ್ದು ಭಾರತ ಯುದ್ಧದಿಂದ 3735 ವರ್ಷ, ಶಕ 556 ಅಂತ. ಅದು ಕ್ರಿ.ಶ. 634 ಹೇಗಾಯಿತು ಅಂತ ಹುಡುಗಿ ಕೇಳಿದಳು. ಶಕ ವರ್ಷಕ್ಕೆ 78 ಕೂಡಿಸು ಅಂತು ಬಾಟ್. ಸರಿ. ಆಮೇಲೆ ಶಾಸನ ಹಳಗನ್ನಡದ್ದು ಅಂತಲೂ ಅಂತು! ಲಿಪಿ ಹಳೆಯ ಕನ್ನಡದ್ದು, ಭಾಷೆ ಸಂಸ್ಕೃತ. ಎದುರಿಗೇ ಪಾಠ ಇತ್ತಲ್ಲ, ಅವಳೇ ಹಿಡಿದಳು. "ಸುಳ್ಳು ಹೇಳ್ತೈತಿ ನೋಡ್ರಿ ಸರ" ಅಂತ ನಕ್ಕಳು.

ಚೀಟಿ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ. ಮೂರನೇ ಪುಸ್ತಕದ ಹೆಸರು ಬಹಳ ಚೆಂದ. ಯಾರಾದರೂ ಬರೆದರೆ ಮೊದಲ ಪ್ರತಿ ನಾನೇ ತರಿಸುತ್ತೇನೆ.