ಫೈಲ್ ಅಳಿಸಿದಿರಿ, ಪಾಸ್‌ವರ್ಡ್ ಬದಲಿಸಿದಿರಾ?

‘ಪಾಸ್‌ವರ್ಡ್‌ಗಳು ದಾಖಲಾಗಿದ್ದ ಆ ಲಾಗ್ ಫೈಲನ್ನು ಅಂದೇ ಅಳಿಸಿದ್ದೇವೆ ಮೇಡಂ, ಇನ್ನೇನೂ ಭಯವಿಲ್ಲ.’ ದಾವಣಗೆರೆಯ ಸಹಕಾರ ಸಂಘಗಳು, ದಲಾಲಿ ಅಂಗಡಿಗಳು, ಕಾಲೇಜು ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ತಪಾಸಣೆ ಮಾಡುವ ನನಗೆ ಈ ಮಾತು ಕೇಳಿದೊಡನೆ ಸಿಟ್ಟು ಬರುತ್ತದೆ. ಭಯ ಇರುವುದೇ ಅಲ್ಲಿ.

ಮಂಡಿಪೇಟೆಯ ಲೆಕ್ಕದವರಿಗೆ ನಾನು ಹೀಗೆ ಹೇಳುತ್ತೇನೆ: ಲಾಗ್ ಎಂದರೆ ಸಾಫ್ಟ್‌ವೇರ್ ಬರೆಯುವ ಕಿರ್ದಿ. ನಡೆದದ್ದು ನಡೆದ ಕ್ರಮದಲ್ಲೇ ಅಲ್ಲಿ ಬೀಳುತ್ತದೆ; ಖಾತೆ, ಅಂದರೆ ಡೇಟಾಬೇಸ್, ಬೇರೆ. ಪಾಸ್‌ವರ್ಡನ್ನು ಹ್ಯಾಶ್ ಮಾಡಿ, ಅಂದರೆ ಹಿಂದಕ್ಕೆ ಬಿಡಿಸಲಾಗದ ರೂಪದಲ್ಲಿ, ಇಡುವುದು ಖಾತೆಯಲ್ಲಿ. ದೋಷ ಹುಡುಕಲೆಂದು ತಂತ್ರಾಂಶದವರು ಡೀಬಗ್, ಅಂದರೆ ಪ್ರತಿ ವಿವರವನ್ನೂ ಲಾಗ್‌ಗೆ ಬರೆಯುವ ವ್ಯವಸ್ಥೆ, ತೆರೆದಿಟ್ಟು ಮರೆತಿದ್ದರೆ, ನೀವು ಟೈಪ್ ಮಾಡಿದ್ದು ಹ್ಯಾಶ್ ಆಗುವ ಮುನ್ನವೇ ಕಿರ್ದಿಯಲ್ಲಿ ಅಕ್ಷರಶಃ ದಾಖಲಾಗಿರುತ್ತದೆ. ಖಾತೆ ಎಷ್ಟೇ ಭದ್ರವಾಗಿದ್ದರೂ ಪ್ರಯೋಜನವಿಲ್ಲ.

2018ರ ಮೇ ತಿಂಗಳಲ್ಲಿ ಟ್ವಿಟರ್ ಒಪ್ಪಿಕೊಂಡದ್ದು ಇಂಥದ್ದೇ ದೋಷ. ಹ್ಯಾಶ್ ಪ್ರಕ್ರಿಯೆ ಮುಗಿಯುವ ಮೊದಲೇ ಪಾಸ್‌ವರ್ಡ್‌ಗಳು ಆಂತರಿಕ ಲಾಗ್‌ಗೆ ಸೇರುತ್ತಿದ್ದವು. ಅವರೂ ಅಳಿಸಿದರು, ದುರ್ಬಳಕೆಯ ಸುಳಿವಿಲ್ಲ ಎಂದರು. ಆದರೂ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಯೋಚಿಸಿ ಎಂದು ತಿಳಿಸಿದರು. ಫೇಸ್‌ಬುಕ್ ಕೋಟಿಗಟ್ಟಲೆ ಪಾಸ್‌ವರ್ಡ್‌ಗಳನ್ನು ಓದಬಲ್ಲ ರೂಪದಲ್ಲಿ ಇಟ್ಟುಕೊಂಡಿದ್ದನ್ನು 2019ರಲ್ಲಿ ಒಪ್ಪಿಕೊಂಡಿತು. ಅದಕ್ಕಾಗಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗ 2024ರಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾಗೆ 9.1 ಕೋಟಿ ಯೂರೋ ದಂಡ ಹಾಕಿತು.

ಅಳಿಸಿದರೆ ಏಕೆ ಸಾಲದು? ಲಾಗ್ ಒಂದೇ ಕಡೆ ಕೂರುವುದಿಲ್ಲ. ರಾತ್ರಿಯ ಬ್ಯಾಕಪ್‌ನಲ್ಲಿ ಅದರ ಪ್ರತಿ ಇದೆ. ಹಳೆಯ ಲಾಗ್ ಬೇರೆ ಹೆಸರಿನಲ್ಲಿ ಕುಗ್ಗಿಸಿಟ್ಟ ಫೈಲಾಗಿ ಉಳಿದಿದೆ. ಲಾಗಿನ್ ಕೆಟ್ಟಾಗ ನೀವೇ ಅದನ್ನು ಬೆಂಗಳೂರಿನ ತಂತ್ರಾಂಶದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೀರಿ. ಅದೀಗ ಎಷ್ಟು ಮೊಬೈಲ್‌ಗಳಲ್ಲಿದೆ? ಯಾರೋ ಓದಿದ್ದಾರೆ ಎಂದು ನಾನು ಪರಿಶೀಲಿಸದೆ ಹೇಳಲಾರೆ. ಓದಿಲ್ಲ ಎಂದು ನೀವೂ ಹೇಳಲಾರಿರಿ. ಪಾಸ್‌ವರ್ಡ್ ಬದಲಿಸಿದರೆ ಆ ಪ್ರತಿಗಳಲ್ಲಿರುವುದು ಸವಕಲು ನಾಣ್ಯವಾಗುತ್ತದೆ. ಬದಲಿಸದಿದ್ದರೆ ಪ್ರತಿಯೊಂದೂ ಚಲಾವಣೆಯಲ್ಲಿರುತ್ತದೆ. ಮೊದಲು ದೋಷ ಸರಿಪಡಿಸಿ, ಆಮೇಲೆ ಬದಲಿಸಿ; ಇಲ್ಲವಾದರೆ ಹೊಸದೂ ಅದೇ ಕಿರ್ದಿಗೆ ಬೀಳುತ್ತದೆ.

ಇಂಥ ದೋಷವಿಲ್ಲದ ತಂತ್ರಾಂಶದಲ್ಲೂ ಪಾಸ್‌ವರ್ಡ್ ಲಾಗ್ ಸೇರಲು ಒಂದು ದಾರಿ ಉಳಿದಿರುತ್ತದೆ. ಇಲ್ಲಿನ ಒಂದು ಸಂಘದ ಲಾಗ್‌ನಲ್ಲಿ ‘ಈ ಹೆಸರಿನ ಬಳಕೆದಾರರಿಲ್ಲ’ ಎಂಬ ಸಾಲು ವಾರಕ್ಕೆರಡು ಸಲ ಕಾಣುತ್ತಿತ್ತು, ಹೆಸರಿನ ಜಾಗದಲ್ಲಿ ಅಕ್ಷರ ಅಂಕಿ ಬೆರೆತ ಪದ. ನಗದು ಕೌಂಟರಿನ ಹಿರಿಯ ಮಹಿಳೆ ಬೆಳಗಿನ ನೂಕುನುಗ್ಗಲಿನಲ್ಲಿ ಪಾಸ್‌ವರ್ಡನ್ನು ಹೆಸರಿನ ಚೌಕದಲ್ಲೇ ಒತ್ತಿಬಿಡುತ್ತಿದ್ದರು. ಹೆಸರು ಗುಟ್ಟಲ್ಲವಲ್ಲ, ತಂತ್ರಾಂಶ ಹಾಗೆಯೇ ಬರೆದುಕೊಂಡಿತ್ತು. ಮುಂದಿನ ಸಾಲಿನಲ್ಲೇ ಅವರ ನಿಜ ಹೆಸರು.

ತೋರಿಸಿದಾಗ ಅವರ ಮುಖ ಸಪ್ಪಗಾಯಿತು. ‘ತಪ್ಪು ನಿಮ್ಮದಲ್ಲ ಅಕ್ಕ, ಕೈ ತಪ್ಪುವುದು ಎಲ್ಲರಿಗೂ ಉಂಟು. ವಿಫಲವಾದ ಹೆಸರನ್ನು ಮರೆಮಾಚಿ ಬರೆಯಬೇಕಿದ್ದವರು ತಂತ್ರಾಂಶ ಮಾಡಿದವರು’ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, ‘ಮೇಡಂ, ನನ್ನ ಬ್ಯಾಂಕಿಗೂ ಇದೇ ಪಾಸ್‌ವರ್ಡ್’ ಎಂದರು. ಉಳಿದ ತಪಾಸಣೆ ಬದಿಗಿಟ್ಟೆ. ಊಟದ ವೇಳೆ ಮುಗಿಯುವವರೆಗೆ ಇಬ್ಬರೂ ಕುಳಿತು ಒಂದೊಂದಾಗಿ ಎಲ್ಲವನ್ನೂ ಬದಲಿಸಿದೆವು.